ಬಾಲಮಂದಿರದ ನಮ್ಮ ಹುಡುಗಿಯರು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನೀಗ ಸರ್ಕಾರಿ ಬಾಲಕಿಯರ ಬಾಲಮಂದಿರದಲ್ಲಿ ಕೆಲಸ ಮಾಡುತ್ತೇನೆ. ‘ಅನಾಥಾಶ್ರಮವಾ?’ ಅಂತ ಕೇಳುತ್ತಾರೆ. ಅಲ್ಲ. ನಮ್ಮಲ್ಲಿರುವ ಬಹಳಷ್ಟು ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಆ ಮನೆಯಲ್ಲಿ ಇರುವ ಹಾಗಿಲ್ಲ, ಅಷ್ಟೆ. ಹೊಸದಾಗಿ ಬಂದ ಮಗು ರಾತ್ರಿ ಚಪಾತಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತದೆ. ನಾವು ತೆಗೆಯುವುದಿಲ್ಲ. ನಾಳೆಯೂ ಊಟ ಸಿಗುತ್ತದೆಂದು ನಂಬಿಕೆ ಬಂದ ದಿನ ತಾನೇ ಬಿಡುತ್ತದೆ. ಕೆಲವರಿಗೆ ಒಂದು ವಾರ ಸಾಕು, ಒಬ್ಬಳಿಗೆ ನಾಲ್ಕು ತಿಂಗಳು ಬೇಕಾಯಿತು.

ಇದೇ ಶಾಲೆಯಲ್ಲಿ, ಒಂಬತ್ತನೇ ತರಗತಿಯಲ್ಲಿ, ನನ್ನ ಪಕ್ಕ ಕೂರುತ್ತಿದ್ದವಳ ಕೈಮೇಲೆ ಬಾಸುಂಡೆ ಇರುತ್ತಿತ್ತು. ಮನೆಯಲ್ಲಿ ಹೇಳಿದೆ. ‘ಅವರ ಮನೆ ವಿಷಯ, ನಮಗ್ಯಾಕೆ’ ಅಂದರು ಅಮ್ಮ. ದಸರಾ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಇವತ್ತು ಹೊರಗೆ ಅಂಟಿಸಿರುವ ಪಟ್ಟಿಯಲ್ಲಿ ಅವಳ ಹೆಸರು ಹುಡುಕಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರದಷ್ಟೇ ಇದೆ.

ಆಗ ಯಾರಿಗೆ ಹೇಳಬೇಕೆಂದು ತಿಳಿದಿರಲಿಲ್ಲ. ಈಗ 1098 ಇದೆ, ಹಗಲೂ ರಾತ್ರಿಯೂ, ದುಡ್ಡಿಲ್ಲದೆ. ರಕ್ಷಿಸಿದ ಮಗುವನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. 2015ರ ಬಾಲನ್ಯಾಯ ಕಾಯ್ದೆ ಹಾಗೆ ಹೇಳುತ್ತದೆ. ಮನೆಗೋ, ನೆಂಟರಲ್ಲಿಗೋ, ನಮ್ಮಲ್ಲಿಗೋ, ತೀರ್ಮಾನ ಸಮಿತಿಯದು. ಬಾಲಮಂದಿರ ಕೊನೆಯ ದಾರಿ.

ನಮ್ಮ ಹುಡುಗಿಯರೂ ಇಂಥದೇ ಸರ್ಕಾರಿ ಹೈಸ್ಕೂಲಿಗೆ ಹೋಗುತ್ತಾರೆ. ಶಿಕ್ಷಕರಲ್ಲಿ ಒಂದು ಕೋರಿಕೆ: ‘ಬಾಲಮಂದಿರದವರು ಎದ್ದು ನಿಲ್ಲಿ’ ಅನ್ನಬೇಡಿ, ಹೆಸರು ಹಿಡಿದು ಕರೆಯಿರಿ. ಪೋಷಕರ ಸಭೆಗೆ ನಾನೇ ಬರುತ್ತೇನೆ. ಮೊನ್ನೆ ಏಳು ಅಂಕಪಟ್ಟಿಗೆ ಸಹಿ ಹಾಕಿದೆ.