ಬೇಗಡೆ, ಮಾಣಿಕ್ಯ ಮತ್ತು ದೊಂದಿ ಬೆಳಕು

ಮಕ್ಕಳೇ, ಉಡುಪಿ ಕಡೆಯ ಬಡಗುತಿಟ್ಟಿನ ಯಕ್ಷಗಾನ ನೋಡಿದ್ದೀರಲ್ಲ? ರಾಜವೇಷ ರಂಗಕ್ಕೆ ಬಂದಾಗ ಕಿರೀಟ, ಭುಜಕೀರ್ತಿ, ಎದೆಪದಕ ಎಲ್ಲ ಝಗಝಗಿಸುತ್ತವೆ. ಅಲ್ಲಿ ಚಿನ್ನವೂ ಇಲ್ಲ, ರತ್ನವೂ ಇಲ್ಲ. ಹಗುರವಾದ ಮರವನ್ನು ಕೆತ್ತಿ, ಮೇಲೆ ಬೇಗಡೆ ಎಂಬ ಹೊಳೆಯುವ ತೆಳು ಹಾಳೆ ಅಂಟಿಸಿ, ಕನ್ನಡಿ ಚೂರು ಕೂರಿಸಿರುತ್ತಾರೆ. ಆದರೂ ರತ್ನ ಧರಿಸಿದ ಅರಸನೇ ಎದುರು ನಿಂತ ಹಾಗೆ ಕಾಣುತ್ತದೆ. ಇದು ಹೇಗೆ ಎಂದು ತಿಳಿಯಲು ಮೊದಲು ನಿಜವಾದ ರತ್ನವನ್ನು ವಿಚಾರಿಸೋಣ.

ಮಾಣಿಕ್ಯ ಎಂದರೆ ಕೊರಂಡಮ್ ಎಂಬ ಖನಿಜ. ಅದರಲ್ಲಿರುವುದು ಅಲ್ಯೂಮಿನಿಯಂ ಮತ್ತು ಆಮ್ಲಜನಕ. ಶುದ್ಧ ಕೊರಂಡಮ್‌ಗೆ ಬಣ್ಣವೇ ಇಲ್ಲ! ನೂರು ಅಲ್ಯೂಮಿನಿಯಂ ಪರಮಾಣುಗಳಲ್ಲಿ ಸುಮಾರು ಒಂದರ ಜಾಗದಲ್ಲಿ ಕ್ರೋಮಿಯಂ ಬಂದು ಕುಳಿತರೆ ಸಾಕು, ಕಲ್ಲು ಕೆಂಪಾಗುತ್ತದೆ. ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇರುತ್ತವೆ. ಕ್ರೋಮಿಯಂ ಅದರಲ್ಲಿನ ನೇರಳೆಯನ್ನೂ ಹಳದಿ-ಹಸಿರನ್ನೂ ನುಂಗಿಬಿಡುತ್ತದೆ. ಉಳಿದ ಕೆಂಪು ನಮ್ಮ ಕಣ್ಣಿಗೆ ಬರುತ್ತದೆ. ಅದೇ ಕೊರಂಡಮ್‌ನಲ್ಲಿ ಕ್ರೋಮಿಯಂ ಬದಲು ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲಮಣಿ. ಇನ್ನೂ ಸೋಜಿಗವೆಂದರೆ, ಪಚ್ಚೆಯ ಹಸಿರಿಗೂ ಕ್ರೋಮಿಯಂ ಕಾರಣ. ಪಚ್ಚೆ ಬೇರೆ ಖನಿಜ, ಅದರ ಹೆಸರು ಬೆರಿಲ್. ಅಲ್ಲಿ ಕ್ರೋಮಿಯಂ ಸುತ್ತಲಿನ ಪರಮಾಣುಗಳ ಹಿಡಿತ ಸ್ವಲ್ಪ ಸಡಿಲ. ಅಷ್ಟಕ್ಕೇ ಅದು ನುಂಗುವ ಬಣ್ಣಗಳು ಬದಲಾಗಿ ಹಸಿರು ಉಳಿಯುತ್ತದೆ. ನನಗೆ ರಸಾಯನಶಾಸ್ತ್ರದಲ್ಲಿ ಬಲು ಇಷ್ಟವಾದ ಸಂಗತಿ ಇದು.

ಆದರೆ ಗುಲಾಬಿ ಬಣ್ಣದ ಸೀಮೆಸುಣ್ಣಕ್ಕೆ ಮಾಣಿಕ್ಯದ ಗಾಂಭೀರ್ಯ ಇಲ್ಲವಲ್ಲ, ಯಾಕೆ? ಸೀಮೆಸುಣ್ಣದ ಮೈ ಒರಟು. ಬಿದ್ದ ಬಿಳಿ ಬೆಳಕಿನಲ್ಲಿ ಬಹುಪಾಲನ್ನು ಅದು ಮೇಲಿನಿಂದಲೇ ದಿಕ್ಕಾಪಾಲಾಗಿ ಚದುರಿಸುತ್ತದೆ. ಆ ಬಿಳಿ, ಸಾರಿಗೆ ನೀರು ಬೆರೆಸಿದ ಹಾಗೆ, ಬಣ್ಣವನ್ನು ತೆಳು ಮಾಡುತ್ತದೆ. ಕಾರ್ಕಳದ ಶಿಲ್ಪಿಗಳು ಕೆತ್ತುವ ಕೃಷ್ಣಶಿಲೆಯನ್ನು ನೋಡಿ. ಉಳಿ ತಾಗಿದ ಜಾಗ ಬೂದಿ ಬಣ್ಣ. ನಯಗೊಳಿಸಿ ಎಣ್ಣೆ ಹಚ್ಚಿದರೆ ಕಡುಕಪ್ಪು. ಕಾಪುವಿನ ಹೊಸ ಮಾರಿಗುಡಿಯನ್ನು ಇಳಕಲ್ಲಿನ ಕೆಂಪು ಶಿಲೆಯಲ್ಲಿ ಕಟ್ಟಿದ್ದಾರೆ. ಅಂಥ ಕಲ್ಲು ಮಳೆಯಲ್ಲಿ ನೆನೆದಾಗ ಕೆಂಪು ಇನ್ನಷ್ಟು ಗಾಢವಾಗುತ್ತದೆ. ಬಣ್ಣ ಹೆಚ್ಚಾಗಿಲ್ಲ, ಮೇಲೆ ಚದುರುವ ಬಿಳಿ ಕಡಿಮೆಯಾಗಿದೆ, ಅಷ್ಟೆ. ರೇಷ್ಮೆ ಸೀರೆಯ ಬಣ್ಣ ರತ್ನದಂತೆ ತೋರುವುದರಲ್ಲೂ ಅದರ ನುಣುಪಾದ ಎಳೆಗಳ ಪಾಲು ದೊಡ್ಡದು.

ಅಜ್ಜಿಯ ಹಳೆಯ ಕೆಂಪಿನ ಬೆಂಡೋಲೆ ಸಿಕ್ಕಿದರೆ ಹಿಂಬದಿ ನೋಡಿ. ಅಂಥ ಒಡವೆಗಳಲ್ಲಿ ಹಿಂಬದಿ ಮುಚ್ಚಿ, ಕಲ್ಲಿನ ಅಡಿಗೆ ಹೊಳೆಯುವ ತಗಡು ಇಡುವ ಪದ್ಧತಿಯಿತ್ತು. ಬೆಳಕು ಕಲ್ಲನ್ನು ದಾಟಿ ತಗಡಿಗೆ ಬಡಿದು ಮತ್ತೆ ಕಲ್ಲಿನ ಮೂಲಕವೇ ಹೊರಬರುತ್ತದೆ. ಎರಡು ಸಲ ಸೋಸಿದ ಕೆಂಪು ಅದು! ಯಕ್ಷಗಾನದ ಬೇಗಡೆಯೂ ಬೆಳಕನ್ನು ಹೀಗೆಯೇ ಹಿಂದಕ್ಕೆ ಎಸೆಯುತ್ತದೆ. ವೇಷಧಾರಿ ಕುಣಿದಾಗ ಹೊಳಪು ಒಂದೆಡೆ ಆರಿ ಇನ್ನೊಂದೆಡೆ ಹೊತ್ತಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ರತ್ನದ ಗುರುತು ಈ ಮಿನುಗೇ.

ಕರೆಂಟು ಬರುವ ಮೊದಲು ಆಟ ನಡೆಯುತ್ತಿದ್ದುದು ದೊಂದಿಯ, ಅಂದರೆ ಎಣ್ಣೆಯ ಪಂಜಿನ, ಬೆಳಕಿನಲ್ಲಿ. ಎಣ್ಣೆಯ ಜ್ವಾಲೆಯಲ್ಲಿ ಕೆಂಪು, ಹಳದಿ ಧಾರಾಳ. ನೀಲಿ ತೀರಾ ಕಡಿಮೆ. ಇಲ್ಲದ ನೀಲಿಯನ್ನು ಬಟ್ಟೆ ಹಿಂದಿರುಗಿಸುವುದಾದರೂ ಹೇಗೆ? ಅಲ್ಲಿ ಕಡುನೀಲಿ ಕಪ್ಪಾಗಿಯೇ ಕಾಣುತ್ತದೆ. ವೇಷಧಾರಿ ಉಡುವ ಕಸೆಸೀರೆಯ ಚೌಕುಳಿಯಲ್ಲಿರುವ ಕೆಂಪು, ಹಳದಿ, ಕಪ್ಪು ಆ ಬೆಳಕಿಗೆ ಹೇಳಿಮಾಡಿಸಿದಂತಿವೆ. ಈಗಿನ ಬಿಳಿ ಎಲ್‌ಇಡಿಯದು ತಿರುಗುಮುರುಗು: ನೀಲಿ ಸಾಕಷ್ಟು, ಅಗ್ಗದವುಗಳಲ್ಲಿ ಕೆಂಪು ಕೊಂಚ ಕಡಿಮೆ. ಸೀರೆಯಂಗಡಿಯಲ್ಲಿ ಅಮ್ಮ ಸೀರೆಯನ್ನು ಬಾಗಿಲ ಬಳಿಗೆ ತಂದು ಹಗಲು ಬೆಳಕಿನಲ್ಲಿ ನೋಡುವುದು ಸರಿಯಾದ ವಿಜ್ಞಾನ.

ನೀವೂ ಮಾಡಿ ನೋಡಿ. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದವನ್ನು ಮೂರ್ನಾಲ್ಕು ಪದರ ಸುತ್ತಿ, ಕತ್ತಲ ಕೋಣೆಯಲ್ಲಿ ಕೆಂಪು, ಹಸಿರು, ನೀಲಿ ನೂಲುಂಡೆಗಳ ಮೇಲೆ ಬೆಳಕು ಬಿಡಿ. ಆಮೇಲೆ ಅದೇ ಕಾಗದದ ಒಂದು ತುಂಡನ್ನು ಚಾಕೊಲೇಟಿನ ಬೆಳ್ಳಿಹಾಳೆಯ ಮೇಲಿಟ್ಟು, ಇನ್ನೊಂದನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಬಿಸಿಲಿನಲ್ಲಿ ಹೋಲಿಸಿ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಯಾರಾದರೂ ನವಿಲುನೀಲಿ ಆರಿಸಿದರೆ, ಗೋಡೆಯ ಮೂಲೆಗೆ ಸ್ವಲ್ಪ ಬಳಿದು ರಾತ್ರಿ ದೀಪ ಹಚ್ಚಿಯೂ ಒಮ್ಮೆ ನೋಡಲು ಹೇಳಿ.