ನಿನ್ನೆ-ಇಂದು-ನಾಳೆ ಹೂಗಿಡ



ಜಯನಗರ, ಬನಶಂಕರಿ ಕಡೆ ಮನೆಗಳ ಕಾಂಪೌಂಡಿನ ಪಕ್ಕದಲ್ಲಿ ಈ ಪೊದೆಯನ್ನು ನೀವು ನೋಡಿರಬಹುದು. ಒಂದೇ ರೆಂಬೆಯಲ್ಲಿ ನೇರಳೆ ಹೂ, ಅದರ ಪಕ್ಕದಲ್ಲಿ ತಿಳಿನೇರಳೆ, ಅದರಾಚೆಗೆ ಅಚ್ಚ ಬಿಳುಪು. ಕಸಿ ಮಾಡಿದ್ದಾರೇನು ಅಂತ ಕೇಳುವವರುಂಟು. ಇಲ್ಲ. ಅರಳಿದ ದಿನ ನೇರಳೆಯಾಗಿದ್ದ ಹೂವಿನ ಬಣ್ಣ ಮಾರನೆಯ ದಿನ ಇಳಿಯುತ್ತದೆ, ಮೂರನೆಯ ದಿನದ ಹೊತ್ತಿಗೆ ಬೆಳ್ಳಗಾಗುತ್ತದೆ. ಅದಕ್ಕೇ ಇದಕ್ಕೆ 'ನಿನ್ನೆ-ಇಂದು-ನಾಳೆ' ಎಂಬ ಹೆಸರು.

ಶಾಸ್ತ್ರದಲ್ಲಿ ಇದು ಬ್ರನ್‌ಫೆಲ್ಸಿಯ. 16ನೆಯ ಶತಮಾನದ ಜರ್ಮನ್ ಸಸ್ಯಪಂಡಿತ ಆಟೋ ಬ್ರನ್‌ಫೆಲ್ಸ್ ಅವರ ನೆನಪಿಗೆ ಇಟ್ಟ ಹೆಸರು. ಸುಮಾರು 50 ಜಾತಿಗಳಿವೆ. ತವರು ದಕ್ಷಿಣ ಅಮೆರಿಕ ಮತ್ತು ವೆಸ್ಟ್ ಇಂಡೀಸ್ ದ್ವೀಪಗಳು. ನಮ್ಮ ಬದನೆ, ಟೊಮ್ಯಾಟೊ, ಮೆಣಸಿನಗಿಡಗಳ ಕುಟುಂಬವೇ ಇದರದೂ. ಉಮ್ಮತ್ತಿಯೂ ಅದೇ ಬಳಗ. ಉಮ್ಮತ್ತಿ ಅಂದ ಕೂಡಲೆ ನಿಮಗೆ ಅನುಮಾನ ಬಂದಿರಬೇಕು. ಆ ವಿಷಯಕ್ಕೆ ಬರ್ತೇನೆ.

ಲಾಲ್‌ಬಾಗಿಗೂ ಜಯನಗರಕ್ಕೂ ನಡುವೆ ಇರುವ ಸಿದ್ದಾಪುರದ ನರ್ಸರಿಗಳನ್ನು ನೀವು ಬಲ್ಲಿರಿ. ಅಂಥ ಕಡೆ ಕೊಳ್ಳುವಾಗ ಹೂಬಿಟ್ಟ ಗಿಡವನ್ನೇ ಮೂಸಿ ನೋಡಿ ಆರಿಸಿ. ಕೆಲವು ಜಾತಿಗೆ ಒಳ್ಳೆ ಪರಿಮಳ, ಕೆಲವಕ್ಕೆ ಹೆಚ್ಚೇನೂ ಇಲ್ಲ. ಬೆಳಗಿನ ಬಿಸಿಲು, ಮಧ್ಯಾಹ್ನ ಕೊಂಚ ನೆರಳು ಸಿಕ್ಕುವ ಜಾಗ ಇದಕ್ಕೆ ಒಗ್ಗುತ್ತದೆ. ಆಳೆತ್ತರಕ್ಕಿಂತ ತುಸು ಹೆಚ್ಚು ಬೆಳೆದೀತು, ಅಷ್ಟೆ. ಚಿಕ್ಕ ಸೈಟಿಗೆ ಇದಕ್ಕಿಂತ ಏನು ಬೇಕು!

ಆದರೆ ಹೊಸ ಮನೆಯ ಅಂಗಳದಲ್ಲಿ ಒಂದು ತೊಂದರೆ ಉಂಟು. ಸುಣ್ಣ, ಸಿಮೆಂಟು, ಗಾರೆಯ ಚೂರು ಮಣ್ಣಿನಲ್ಲಿ ಬೆರೆತಿರುತ್ತವೆ. ಈ ಗಿಡಕ್ಕೆ ತುಸು ಹುಳಿ ಮಣ್ಣು ಬೇಕು. ಸುಣ್ಣ ಹೆಚ್ಚಿದರೆ ಬೇರಿಗೆ ಕಬ್ಬಿಣದ ಅಂಶ ದಕ್ಕದು; ನರ ಹಸುರಾಗಿಯೇ ಉಳಿದು ಎಳೆ ಎಲೆ ಹಳದಿಯಾಗುತ್ತದೆ. ಗಡುಸು ಬೋರ್‌ವೆಲ್ ನೀರಿನಿಂದಲೂ ಹೀಗಾಗಬಹುದು. ಆದ್ದರಿಂದ ಗುಂಡಿಯ ಮಣ್ಣು ತೆಗೆದುಹಾಕಿ, ಒಳ್ಳೆ ಕೆಮ್ಮಣ್ಣು, ಕಳಿತ ಎಲೆಗೊಬ್ಬರ ತುಂಬಿ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನು ಹಾಕಿ. ಬುಡದಲ್ಲಿ ನೀರು ನಿಲ್ಲಬಾರದು.

ಹೂವಿನ ಕಾಲ ಮುಗಿದ ಮೇಲೆ ಗಿಡ ಸವರಿ. ಹೊಸ ಚಿಗುರಿನಲ್ಲೇ ಹೂ ಬರುವುದು. ಸವರಿದ ಸೊಪ್ಪನ್ನು ಮಾತ್ರ ಬೀದಿಗೆ ಎಸೆಯಬೇಡಿ. ಈ ಗಿಡದ ಎಲ್ಲ ಭಾಗವೂ ವಿಷ. ಕಾಯಿ-ಬೀಜದಲ್ಲಿ ಅದು ಇನ್ನೂ ಜೋರು. ಬ್ರೆಜಿಲ್‌ನಲ್ಲಿ ದನಗಳಿಗೂ ಇದು ವಿಷವೆಂದು ಕಂಡುಬಂದಿದೆ. ನಮ್ಮ ಬಡಾವಣೆಗಳ ಬೀದಿಯಲ್ಲಿ ಹಸು ಇನ್ನೂ ಮೇಯುತ್ತವೆ, ಎಸೆದ ಸೊಪ್ಪಿಗೆ ಬಾಯಿ ಹಾಕುತ್ತವೆ.

ಹೆಚ್ಚಾಗಿ ಸಿಕ್ಕಿಬೀಳುವುದು ನಾಯಿ. ಮರಿಗಳಿಗಂತೂ ಸಿಕ್ಕಿದ್ದೆಲ್ಲ ಕಡಿಯುವ ಚಾಳಿ. ಬಿದ್ದ ಕಾಯಿ ಅಗಿದರೆ ವಾಂತಿ, ಚಡಪಡಿಕೆ, ನಡುಕ, ಆಮೇಲೆ ಮೈ ಸೆಟೆದು ಫಿಟ್ಸ್. ಯಾರೋ ವಿಷ ಹಾಕಿದರು ಅಂತ ನೆರೆಯವರ ಮೇಲೆ ಅನುಮಾನಪಡುವ ಹಾಗಿರುತ್ತದೆ. ಇದಕ್ಕೆಂದೇ ಬೇರೆ ಪ್ರತಿವಿಷ ಇಲ್ಲ. ಬೇಗ ಕರೆದೊಯ್ದರೆ ಪಶುವೈದ್ಯರು ಸೆಟೆತ ತಡೆಯುವ ಔಷಧ ಕೊಟ್ಟು ಉಳಿಸಿಯಾರು. ಮನೆಮದ್ದು ಮಾಡುತ್ತ ಕೂರಬೇಡಿ. ಗಿಡದ ಒಂದು ರೆಂಬೆಯನ್ನೂ ಜೊತೆಗೆ ಒಯ್ದು ತೋರಿಸಿ.

ಮನೇಲಿ ನಾಯಿಮರಿಯೋ ಅಂಬೆಗಾಲಿಡುವ ಮಗುವೋ ಇದ್ದರೆ ಈ ಗಿಡ ಸದ್ಯಕ್ಕೆ ಬೇಡ. ಆಗಲೇ ನೆಟ್ಟಿದ್ದರೆ ಸುತ್ತ ತಂತಿಬೇಲಿ ಹಾಕಿ, ಕಾಯಿ ಕಟ್ಟಿದ ಹಾಗೆಲ್ಲ ಕಿತ್ತುಬಿಡಿ. ಗಿಡ ಮಾರುವ ತೋಟಗಾರರು ಕೊಳ್ಳುವವರಿಗೆ ಬಣ್ಣದ ವಿಷಯ ಹೇಳುವಾಗ ಕಾಯಿಯ ವಿಷಯವನ್ನೂ ಹೇಳಿ. ಸವರಿದ ಸೊಪ್ಪಿಗೆ ಅಂಗಳದಲ್ಲೇ ಒಂದು ಗುಂಡಿ ತೋಡಿ, ಮೇಲೆ ಮಣ್ಣು ಮುಚ್ಚಿದರಾಯಿತು.