ನೆಟ್‌ವರ್ಕ್ ಸ್ವಿಚ್ಚು ಮತ್ತು ನನ್ನ ಒಂದು ತಪ್ಪು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಿಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ನಾನು ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವವನು. ನಮ್ಮಮ್ಮ ಇವತ್ತಿಗೂ ನೆಂಟರಿಗೆ "ವೈರ್ ಎಳೆಯೋ ಕೆಲಸ" ಎಂದೇ ಹೇಳುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ.

ನಿಮ್ಮ ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿ ಹಸಿರು ದೀಪ ಮಿನುಗಿಸುತ್ತ ಕೂತಿರುವ ಪೆಟ್ಟಿಗೆಯೇ ಸ್ವಿಚ್ಚು. ಎಲ್ಲ ಕಂಪ್ಯೂಟರುಗಳ ಕೇಬಲ್ಲೂ ಅಲ್ಲಿಗೇ ಬಂದು ಸೇರುತ್ತವೆ. ನಮ್ಮ ಕಾಲದಲ್ಲಿ ಮೆಮೊ ಪುಸ್ತಕ ಹಿಡಿದು ಬರುತ್ತಿದ್ದ ಜವಾನರಿಗೆ ಯಾವ ಮೇಷ್ಟ್ರು ಯಾವ ಕೋಣೆಯಲ್ಲಿದ್ದಾರೆ ಎಂಬುದು ಬಾಯಿಪಾಠವಾಗಿತ್ತು. ಸ್ವಿಚ್ಚು ಮಾಡುವುದೂ ಅದನ್ನೇ. ಪ್ರತಿ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೂ 48 ಬಿಟ್‌ಗಳ ಮ್ಯಾಕ್ ವಿಳಾಸವಿದೆ. ಯಾವ ವಿಳಾಸ ಯಾವ ಪೋರ್ಟಿನಲ್ಲಿದೆ ಎಂದು ಕಲಿತುಕೊಂಡು, ಬಂದದ್ದನ್ನು ಅಲ್ಲಿಗೆ ಮಾತ್ರ ತಲುಪಿಸುತ್ತದೆ.

ಅಗ್ಗದ ಸ್ವಿಚ್ಚಿನ ಕೆಲಸ ಇಲ್ಲಿಗೆ ಮುಗಿಯಿತು. ಮ್ಯಾನೇಜ್ಡ್ ಸ್ವಿಚ್ಚು ನಾವು ಹೇಳಿದ್ದನ್ನೂ ಕೇಳುತ್ತದೆ. ವಿ-ಲ್ಯಾನ್ ಮಾಡಿ ಕಚೇರಿಯ ಕಂಪ್ಯೂಟರು ಬೇರೆ, ಮಕ್ಕಳ ಕಂಪ್ಯೂಟರು ಬೇರೆ ಎಂದು ಒಂದೇ ಪೆಟ್ಟಿಗೆಯೊಳಗೆ ಗೋಡೆ ಎಬ್ಬಿಸಬಹುದು. ಈ ಪೋರ್ಟಿಗೆ ಇದೊಂದೇ ಯಂತ್ರ, ಬೇರೆಯದು ಬಂದರೆ ಮುಚ್ಚು ಎನ್ನಬಹುದು. ದೂರದಿಂದಲೇ ಅದರೊಡನೆ ಮಾತಾಡಬಹುದು; ಆದರೆ ಟೆಲ್ನೆಟ್‌ನಲ್ಲಿ ಮಾತಾಡಿದರೆ ಪಾಸ್‌ವರ್ಡ್ ಅಂಚೆ ಕಾರ್ಡಿನಲ್ಲಿ ಬರೆದ ಹಾಗೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಎಸ್.ಎಸ್.ಎಚ್. ಆದರೆ ಲಕೋಟೆ.

ಇನ್ನು ನನ್ನ ಕತೆ. ಕೆಲಸಕ್ಕೆ ಸೇರಿದ ಹೊಸತು, ಒಂದು ಆಸ್ಪತ್ರೆಯಲ್ಲಿ ಸ್ವಿಚ್ಚುಗಳನ್ನು ಕೂರಿಸಿ ಬಂದಿದ್ದೆ. ಎರಡು ವಾರದ ಮೇಲೆ ಬೆಳಿಗ್ಗೆ ಫೋನು: ಏನೂ ನಡೀತಿಲ್ಲ, ಬೇಗ ಬನ್ನಿ. ಹೋದರೆ ಲ್ಯಾಬಿನ ರಿಪೋರ್ಟನ್ನು ಹುಡುಗರು ಕೈಯಲ್ಲಿ ಹಿಡಿದು ಮೂರು ಮಹಡಿ ಓಡುತ್ತಿದ್ದಾರೆ, ಬಿಲ್ಲಿನ ಕಿಟಕಿಯ ಮುಂದೆ ಸಾಲು ಗೇಟಿನವರೆಗೆ. ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು.

ಆದದ್ದಿಷ್ಟು. ಕಸ ಗುಡಿಸುವ ಅಕ್ಕ ಒಬ್ಬರು, ನೆಲದ ಮೇಲೆ ಬಿದ್ದಿದ್ದ ಕೇಬಲ್ಲಿನ ತುದಿಯನ್ನು ಪಾಪ, ಕಿತ್ತುಹೋಗಿರಬೇಕು ಎಂದು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ್ದರು. ಇನ್ನೊಂದು ತುದಿ ಆಗಲೇ ಪಕ್ಕದ ಸಾಕೆಟ್ಟಿನಲ್ಲಿತ್ತು. ಎಲ್ಲರಿಗೂ ಎಂದು ಹೊರಟ ಒಂದು ಸಂದೇಶ ಈ ಸುತ್ತಿಗೆ ಸಿಕ್ಕರೆ ಮುಗಿಯಿತು. ಈಥರ್ನೆಟ್ ಫ್ರೇಮಿಗೆ ಇಷ್ಟು ಸುತ್ತಿನ ಮೇಲೆ ಸಾಯಬೇಕು ಎಂಬ ಲೆಕ್ಕವಿಲ್ಲ. ಸುತ್ತುತ್ತಲೇ ಇರುತ್ತದೆ, ಸುತ್ತಿದಷ್ಟೂ ಹೆಚ್ಚುತ್ತದೆ.

ಇದಕ್ಕೆ ಮದ್ದು 1985ರಲ್ಲೇ ಸಿಕ್ಕಿದೆ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್ ಎಂಬಾಕೆ ಸ್ಪ್ಯಾನಿಂಗ್ ಟ್ರೀ ಎಂಬ ಉಪಾಯ ಕಂಡುಹಿಡಿದರು. ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಸುತ್ತು ಕಂಡ ಕಡೆ ಒಂದು ದಾರಿಯನ್ನು ಮುಚ್ಚಿಬಿಡುತ್ತವೆ. ಹುಡುಗಿಯರೇ, ಆ ಹೆಸರನ್ನು ನೀವು ಬರೆದುಕೊಳ್ಳಿ.

ನಾನು ಹಾಕಿದ ಮಾದರಿಯಲ್ಲಿ ಅದನ್ನು ನಾವೇ ಚಾಲೂ ಮಾಡಬೇಕಿತ್ತು. ಮಾಡಿದ್ದೆ, ಚೆನ್ನಾಗಿ ನೆನಪಿತ್ತು. ಕೇಬಲ್ ಕಿತ್ತು, ಎಲ್ಲ ಸರಿಯಾದ ಮೇಲೆ ನೋಡಿದರೆ ಅದು ಚಾಲೂ ಇಲ್ಲ. ಸ್ವಿಚ್ಚು ಎಷ್ಟು ದಿನದಿಂದ ಓಡುತ್ತಿದೆ ಎಂದು ಕೇಳಿದೆ: 5 ದಿನ. ನಡುವೆ ಕರೆಂಟು ಹೋಗಿ ಬಂದಿತ್ತು. ಇಂಥ ಸ್ವಿಚ್ಚುಗಳಲ್ಲಿ ಕೊಟ್ಟ ಆಜ್ಞೆ ಆ ಕ್ಷಣದಿಂದಲೇ ನಡೆಯುತ್ತದೆ, ಆದರೆ ಸೇವ್ ಮಾಡದಿದ್ದರೆ ಕರೆಂಟು ಹೋದಾಗ ಅಳಿಸಿಹೋಗುತ್ತದೆ. ನಾನು ಸೇವ್ ಮಾಡಿರಲಿಲ್ಲ.

ಅಷ್ಟರಲ್ಲಿ ಆ ಅಕ್ಕನನ್ನು ಕೆಲಸದಿಂದ ಬಿಡಿಸುವ ಮಾತು ಆಗಿತ್ತು. ಆಡಳಿತಾಧಿಕಾರಿಯ ಕೋಣೆಯ ಹೊರಗೆ ಐದು ನಿಮಿಷ ನಿಂತೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದು ನಿಜ. ಒಳಗೆ ಹೋಗಿ ಹೇಳಿದೆ. ನಮ್ಮ ಕಂಪನಿಗೆ ದೂರು ಹೋಯಿತು, ಆ ವರ್ಷ ನನಗೆ ಸಂಬಳ ಏರಲಿಲ್ಲ. ಹೊರಗೆ ಬಂದಾಗ ಆ ಅಕ್ಕ ಎರಡೆರಡು ಸಲ ಕೇಳಿದರು: "ಹಂಗಾರೆ ನಂದಲ್ವಾ ಸಾರ್ ತಪ್ಪು?"

ನಿನ್ನೆ ಸಂಜೆ ಕಂಪ್ಯೂಟರ್ ಮೇಡಂ ಜೊತೆ ಕೂತು ಇಲ್ಲಿಯ ಸ್ವಿಚ್ಚನ್ನೂ ತೆರೆದು ನೋಡಿದೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡೇ ಇತ್ತು, ಅದು ಪೆಟ್ಟಿಗೆಯ ಮೇಲೇ ಅಚ್ಚಾಗಿದೆ. ಬದಲಾಯಿಸಿ, ಹೊಸದನ್ನು ಲಕೋಟೆಯಲ್ಲಿಟ್ಟು ಮುಖ್ಯೋಪಾಧ್ಯಾಯರ ಬೀರುವಿಗೆ ಕೊಟ್ಟಿದ್ದೇವೆ. ಸೇವ್ ಮಾಡಿದೆ. ಬಾಗಿಲವರೆಗೆ ಹೋಗಿ ತಿರುಗಿ ಬಂದು, ಪ್ಲಗ್ ಕಿತ್ತು ಹಾಕಿ, ಇನ್ನೊಮ್ಮೆ ನೋಡಿದೆ. ಮೇಡಂ ನಕ್ಕರು.

ಊಟವಾದ ಮೇಲೆ ಅಲ್ಲೇ ಇರುತ್ತೇನೆ, ನೋಡಬೇಕೆನ್ನುವ ಮಕ್ಕಳು ಬನ್ನಿ.